ಅದು ನನ್ನ ವ್ಯಾಪ್ತಿಯಲ್ಲ, ಆದರೆ ಕೇಳಿದ್ದೇನೆ

ಇಂಗ್ಲೆಂಡಿನ ಯಾವುದಾದರೂ ಹಳ್ಳಿಯ ಪ್ಯಾರಿಷ್ ಕೌನ್ಸಿಲ್ ಸಭೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಖಾಲಿ ಕುರ್ಚಿಗಳು. ಊರಿನ ಸಭಾಭವನ, ಸಂಜೆ ಏಳೋ ಏಳೂವರೆಯೋ, ಮೇಜಿನ ಸುತ್ತ ಏಳೆಂಟು ಸದಸ್ಯರು, ನಡಾವಳಿ ಬರೆದುಕೊಳ್ಳುವ ಕ್ಲರ್ಕ್, ಗೋಡೆಯ ಪಕ್ಕ ನಾಲ್ಕಾರು ಜನ ಊರವರು. ಸಭೆಯ ಕಾರ್ಯಸೂಚಿಯನ್ನು ಕನಿಷ್ಠ ಮೂರು ಪೂರ್ಣ ದಿನ ಮೊದಲು ಊರಲ್ಲಿ ಅಂಟಿಸಬೇಕೆಂಬುದು ನಿಯಮ. ಆ ಕಾರ್ಯಸೂಚಿಯ ಮೇಲ್ಭಾಗದಲ್ಲೆಲ್ಲೋ ಒಂದು ಸಾಲು ಇರುತ್ತದೆ: ಕೌಂಟಿ ಮತ್ತು ಡಿಸ್ಟ್ರಿಕ್ಟ್ ಕೌನ್ಸಿಲರುಗಳ ವರದಿ. ಹತ್ತು ನಿಮಿಷದ ಬಾಬತ್ತು. ಪತ್ರಿಕೆಗಳಲ್ಲಿ ಅದು ಸುದ್ದಿಯಾಗುವುದಿಲ್ಲ, ಚಪ್ಪಾಳೆಯಂತೂ ಬೀಳುವುದೇ ಇಲ್ಲ. ಆದರೂ ಆ ಹತ್ತು ನಿಮಿಷವನ್ನು ಚೆನ್ನಾಗಿ ಮಾಡುವುದು ಒಂದು ಕಸುಬು. ಅದನ್ನು ಬಲ್ಲವರ ಮಾತು ಕೇಳುವಾಗ ಪಳಗಿದ ಕೈ ಅಂದರೆ ಏನೆಂದು ಗೊತ್ತಾಗುತ್ತದೆ.

ಕಸುಬಿನ ಕಷ್ಟ ಎಲ್ಲಿದೆ ಎಂದು ತಿಳಿಯಲು ಅಲ್ಲಿನ ಆಡಳಿತದ ಪದರಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. 1972ರ ಸ್ಥಳೀಯ ಆಡಳಿತ ಕಾಯ್ದೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಇಂಗ್ಲೆಂಡಿನ ಗ್ರಾಮೀಣ ಭಾಗಕ್ಕೆ ಎರಡು ದೊಡ್ಡ ಅಂತಸ್ತುಗಳನ್ನು ಕೊಟ್ಟಿತು. ಮೇಲೆ ಕೌಂಟಿ, ಕೆಳಗೆ ಡಿಸ್ಟ್ರಿಕ್ಟ್. ಡಿಸ್ಟ್ರಿಕ್ಟ್ ಎಂದ ತಕ್ಷಣ ನಮ್ಮ ಜಿಲ್ಲೆಯನ್ನು ನೆನೆಯಬಾರದು. ಲಕ್ಷದ ಆಸುಪಾಸಿನ ಜನಸಂಖ್ಯೆಯ ಈ ಘಟಕ ಗಾತ್ರದಲ್ಲಿ ನಮ್ಮ ತಾಲ್ಲೂಕಿಗೇ ಹತ್ತಿರ. ಇವೆರಡರ ಬುಡದಲ್ಲಿ, 1894ರ ಕಾಯ್ದೆಯಿಂದ ಹುಟ್ಟಿದ ಪ್ಯಾರಿಷ್ ಕೌನ್ಸಿಲ್. ಮನೆಯ ಮುಂದಿನ ಕಸ ಎತ್ತುವುದು ಡಿಸ್ಟ್ರಿಕ್ಟ್, ಎತ್ತಿದ ಕಸವನ್ನು ವಿಲೇವಾರಿ ಮಾಡುವುದು ಕೌಂಟಿ. ರಸ್ತೆ ಕೌಂಟಿಯದು, ಆ ರಸ್ತೆ ಹೋಗಿ ಮುಟ್ಟುವ ಪೇಟೆಯ ವಾಹನ ನಿಲ್ದಾಣ ಸಾಮಾನ್ಯವಾಗಿ ಡಿಸ್ಟ್ರಿಕ್ಟಿನದು. ಶಾಲೆ, ಗ್ರಂಥಾಲಯ, ವೃದ್ಧರ ಆರೈಕೆ ಕೌಂಟಿಯ ಪಾಲು. ಮನೆ ಕಟ್ಟಲು ಪರವಾನಗಿ, ಸೂರಿಲ್ಲದವರಿಗೆ ಸೂರು, ಹೋಟೆಲು ಅಡುಗೆಮನೆಗಳ ತಪಾಸಣೆ, ಮತದಾರರ ಪಟ್ಟಿ ಡಿಸ್ಟ್ರಿಕ್ಟಿನ ಪಾಲು. ಮಕ್ಕಳ ಆಟದ ಬಯಲು, ಬಸ್ ತಂಗುದಾಣ, ಕೆಲವು ಊರುಗಳಲ್ಲಿ ಬೀದಿದೀಪ ಕೂಡ ಪ್ಯಾರಿಷ್‌ನದು.

ಊರಿನವನಿಗೆ ಇದೆಲ್ಲ ಯಾಕೆ ಬೇಕು? ಅವನಿಗೆ ಗೊತ್ತಿರುವುದು ಗುಂಡಿ. ಗುಂಡಿಯಲ್ಲಿ ಕಾರಿನ ಚಕ್ರ ಬಡಿದಿದೆ, ಎದುರಿಗೆ ತಾನು ಓಟು ಕೊಟ್ಟ ಮನುಷ್ಯ ಕೂತಿದ್ದಾನೆ. ಅವನು ಕೇಳುತ್ತಾನೆ.

ಇಲ್ಲಿಯೇ ಕಸುಬುದಾರರೂ ಕಾಟಾಚಾರದವರೂ ಬೇರೆಯಾಗುವುದು. “ರಸ್ತೆ ಕೌಂಟಿಗೆ ಸೇರಿದ್ದು, ಅಲ್ಲಿ ಕೇಳಿ” ಎಂಬ ಉತ್ತರದಲ್ಲಿ ಸುಳ್ಳೇನೂ ಇಲ್ಲ, ಆದರೆ ಉಪಯೋಗವೂ ಇಲ್ಲ. ಪಳಗಿದ ಡಿಸ್ಟ್ರಿಕ್ಟ್ ಕೌನ್ಸಿಲರ್ ಆ ಸಾಲನ್ನು ಇನ್ನೊಂದು ಬಗೆಯಲ್ಲಿ ಕಟ್ಟುತ್ತಾರೆ: ರಸ್ತೆ ಕೌಂಟಿಯದು, ದೂರು ಇಂಥ ದಿನ ದಾಖಲಾಗಿದೆ, ದೂರಿನ ಸಂಖ್ಯೆ ಇದು, ಬಂದು ನೋಡಿದ್ದಾರೆ, ಇಷ್ಟು ಆಳವಿದ್ದರೆ ಮಾತ್ರ ತುರ್ತು ಎಂದಿದ್ದಾರೆ, ಇದು ಅಷ್ಟು ಆಳವಿಲ್ಲವಂತೆ, ಕೌಂಟಿಯ ಸದಸ್ಯರ ಕಿವಿಗೂ ಹಾಕಿದ್ದೇನೆ, ಮುಂದಿನ ಸಭೆಯಲ್ಲಿ ಏನಾಯಿತೆಂದು ಹೇಳುತ್ತೇನೆ. ಗುಂಡಿ ಇನ್ನೂ ಅಲ್ಲೇ ಇದೆ. ಆದರೆ ಕೇಳಿದವನಿಗೆ ತನ್ನ ದೂರು ಈಗ ಯಾರ ಮೇಜಿನ ಮೇಲಿದೆ ಎಂದು ಗೊತ್ತಾಯಿತು. ದೂರು ಕೊಡುವುದಕ್ಕೆ 2007ರಿಂದ ‘ಫಿಕ್ಸ್‌ಮೈಸ್ಟ್ರೀಟ್’ ಎಂಬ ಜಾಲತಾಣವೇ ಇದೆ, ಕೌನ್ಸಿಲರ್ ಬೇಕಾಗಿಲ್ಲ. ಹೋದ ದೂರು ಏನಾಯಿತೆಂದು ಬೆನ್ನು ಹತ್ತುವುದಕ್ಕೆ ಮಾತ್ರ ಮನುಷ್ಯನೇ ಬೇಕು.

ನನ್ನನ್ನು ಕೇಳಿದರೆ ಒಂದು ವರದಿಯ ಗುಣವನ್ನು ಅದರ ಮೊದಲ ಪ್ಯಾರಾದಿಂದಲೇ ಹೇಳಬಹುದು. ಹೋದ ಸಭೆಯಲ್ಲಿ ಎದ್ದ ಪ್ರಶ್ನೆಗಳಿಗೆ ಏನು ಗತಿಯಾಯಿತು ಎಂಬಲ್ಲಿಂದ ಶುರುವಾದರೆ ಅದು ಒಳ್ಳೆಯ ವರದಿ. ಕೌನ್ಸಿಲ್ ಗೆದ್ದ ಪ್ರಶಸ್ತಿಯಿಂದ, ನಾಯಕರು ಕತ್ತರಿಸಿದ ರಿಬ್ಬನ್ನಿನಿಂದ ಶುರುವಾದರೆ ಕ್ಲರ್ಕ್ ಕೂಡ ಪೆನ್ನು ಕೆಳಗಿಡುತ್ತಾರೆ. “ಕೇಳಿದೆ, ಆಗುವುದಿಲ್ಲ ಎಂದರು, ಕಾರಣ ಇದು” ಎಂದು ನೇರ ಹೇಳುವ ವಾಕ್ಯಕ್ಕೆ ಇಡೀ ವರದಿಯಲ್ಲೇ ಹೆಚ್ಚಿನ ಬೆಲೆ. ಅದನ್ನು ಹೇಳಲು ಎದೆಗಾರಿಕೆಯೂ ಬೇಕು. ಓಟು ಕೇಳುವ ಬಾಯಲ್ಲಿ ‘ಆಗುವುದಿಲ್ಲ’ ಸುಲಭಕ್ಕೆ ಬರುವುದಿಲ್ಲ.

ಇನ್ನು ಸಭೆಯ ಖಾಲಿ ಕುರ್ಚಿಗಳು ಒಮ್ಮೆಲೇ ತುಂಬಿ, ಜನ ಬಾಗಿಲ ತನಕ ನಿಲ್ಲುವ ವಿಷಯ ಒಂದಿದೆ: ಊರಂಚಿನ ಹೊಲದಲ್ಲಿ ಯಾರೋ ಮನೆಗಳನ್ನು ಕಟ್ಟಲು ಅರ್ಜಿ ಹಾಕಿದ್ದಾರೆ.

ಪ್ಲಾನಿಂಗ್ ಅರ್ಜಿಯ ತೀರ್ಮಾನ ಡಿಸ್ಟ್ರಿಕ್ಟಿನ ಕೈಯಲ್ಲಿ. ಅಭಿಪ್ರಾಯ ಹೇಳಲು ಜನರಿಗೆ ಸಾಮಾನ್ಯವಾಗಿ 21 ದಿನ. ಆ 21 ದಿನಗಳೊಳಗೆ ಬರುವ ವರದಿಗೂ ಅವು ಮುಗಿದ ಮೇಲೆ ಬರುವ ವರದಿಗೂ ಅಜಗಜಾಂತರ. ಎರಡನೆಯದು ಬರೀ ಸಮಾಚಾರ. ಜಾಣ ಕೌನ್ಸಿಲರ್ ಅರ್ಜಿಯ ಸಂಖ್ಯೆ, ಕೊನೆಯ ದಿನಾಂಕ, ಎಲ್ಲಿಗೆ ಬರೆಯಬೇಕು ಎಂಬಿಷ್ಟನ್ನು ಮೊದಲು ಹೇಳಿಬಿಡುತ್ತಾರೆ. ಆಮೇಲೆ, ಏನು ಬರೆದರೆ ಉಪಯೋಗ ಎಂಬುದನ್ನು. ಕಿಟಕಿಯಿಂದ ಕಾಣುವ ಬೆಟ್ಟದ ನೋಟ ಮರೆಯಾಗುತ್ತದೆ ಎಂಬ ಅಳಲಿಗೆ ಅಲ್ಲಿ ತೂಕವಿಲ್ಲ. ಮನೆಯ ಬೆಲೆ ಇಳಿಯುತ್ತದೆ ಎಂಬುದಕ್ಕೂ ಇಲ್ಲ. ಕಿರಿದಾದ ದಾರಿಗೆ ಬೀಳುವ ವಾಹನಗಳ ಹೊರೆ, ಮಳೆನೀರು ಹರಿದುಹೋಗುವ ಬಗೆ, ಪಕ್ಕದ ಮನೆಯ ಅಂಗಳದೊಳಕ್ಕೇ ಇಣುಕುವ ಕಿಟಕಿ, ಹಳೆಯ ಕಟ್ಟಡದ ಪರಿಸರಕ್ಕೆ ಆಗುವ ಧಕ್ಕೆ, ಇವಕ್ಕೆ ತೂಕವಿದೆ. ಒಂದೇ ಒಕ್ಕಣೆಯ ನೂರು ಕಾಗದಗಳಿಗಿಂತ ಚರಂಡಿಯ ಬಗ್ಗೆ ವಿವರವಾಗಿ ಬರೆದ ಒಂದು ಕಾಗದ ಅಧಿಕಾರಿಯನ್ನು ಹೆಚ್ಚು ಹೊತ್ತು ಕೂರಿಸುತ್ತದೆ. ಸಿಟ್ಟಿನಲ್ಲಿ ಬಂದ ಜನಕ್ಕೆ ಇದನ್ನು ಹೇಳುವಾಗ ಕೌನ್ಸಿಲರ್ ದನಿ ಎತ್ತುವಂತಿಲ್ಲ, ಅವರ ನೋವು ಸಣ್ಣದು ಎಂಬಂತೆಯೂ ಮಾತಾಡುವಂತಿಲ್ಲ.

“ಅದಿರಲಿ, ನೀವು ಯಾರ ಕಡೆ?” ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂದೇ ಬರುತ್ತದೆ. ಇದು ಎಲ್ಲಕ್ಕಿಂತ ನಾಜೂಕಿನ ಘಳಿಗೆ. ಈ ಕೌನ್ಸಿಲರ್ ಡಿಸ್ಟ್ರಿಕ್ಟಿನ ಪ್ಲಾನಿಂಗ್ ಸಮಿತಿಯಲ್ಲೂ ಸದಸ್ಯರಾಗಿದ್ದರೆ, ತೆರೆದ ಮನಸ್ಸಿನಿಂದ ಹೋಗಿ ಎರಡೂ ಕಡೆಯ ವಾದ ಕೇಳಿ ಕೈ ಎತ್ತಬೇಕು. ಹಳ್ಳಿಯಲ್ಲೇ ತೀರ್ಪು ಕೊಟ್ಟು ಹೋದರೆ ಆ ತೀರ್ಮಾನವನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. 2011ರ ಲೋಕಲಿಸಂ ಕಾಯ್ದೆ ಇಲ್ಲಿ ಸ್ವಲ್ಪ ಸಡಿಲಿಕೆ ಕೊಟ್ಟಿದೆ: ಮೊದಲೇ ಒಂದು ಅಭಿಪ್ರಾಯ ಹೇಳಿದ ಮಾತ್ರಕ್ಕೆ ಮನಸ್ಸು ಮುಚ್ಚಿದೆ ಎಂದು ಅರ್ಥವಲ್ಲ. ಆದರೂ ಅನುಭವಿಗಳು ಎರಡರಲ್ಲಿ ಒಂದು ದಾರಿ ಆರಿಸಿಕೊಂಡು ಅದನ್ನು ಬಾಯಿಬಿಟ್ಟು ಹೇಳುತ್ತಾರೆ. ಸಮಿತಿಯಲ್ಲಿ ಮತ ಹಾಕುವುದಾದರೆ “ನಿಮ್ಮ ಮಾತು ಕೇಳಿಸಿಕೊಂಡಿದ್ದೇನೆ, ತೀರ್ಮಾನ ಅಲ್ಲಿ” ಎನ್ನುತ್ತಾರೆ. ಊರಿನ ಪರ ನಿಂತು ವಾದಿಸುವುದಾದರೆ “ಆ ಅರ್ಜಿಯ ಮಟ್ಟಿಗೆ ನಾನು ಮತ ಹಾಕುವುದಿಲ್ಲ” ಎನ್ನುತ್ತಾರೆ. ಇನ್ನೊಂದು ಅಸ್ತ್ರವೂ ಉಂಟು. ಬಹುಪಾಲು ಅರ್ಜಿಗಳನ್ನು ಅಧಿಕಾರಿಗಳೇ ತೀರ್ಮಾನಿಸಿಬಿಡುತ್ತಾರೆ; ಹಲವು ಕೌನ್ಸಿಲ್‌ಗಳಲ್ಲಿ ಆ ವಾರ್ಡಿನ ಸದಸ್ಯರು ಸಕಾರಣ ಕೊಟ್ಟು ಅರ್ಜಿಯನ್ನು ಸಮಿತಿಯ ಮುಂದೆ, ಅಂದರೆ ಸಾರ್ವಜನಿಕರ ಎದುರಿಗೆ ತರಿಸಬಹುದು. ಯಾವುದನ್ನು ತರಿಸಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ಅವರ ತೂಕ ಗೊತ್ತಾಗುತ್ತದೆ. ಎಲ್ಲದಕ್ಕೂ ಕೈ ಹಾಕಿದವರ ಕೋರಿಕೆಗೆ ಕ್ರಮೇಣ ಬೆಲೆ ಉಳಿಯುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಹೊಲದಲ್ಲಿ ಮನೆ ಏಳಬಹುದು. ಮುಂದಿನ ಐದು ವರ್ಷಕ್ಕೆ ಸಾಕಾಗುವಷ್ಟು ಮನೆಗಳ ಜಾಗವನ್ನು ಕೌನ್ಸಿಲ್ ತೋರಿಸಲಾಗದಿದ್ದರೆ ರಾಷ್ಟ್ರೀಯ ನೀತಿಯ ತಕ್ಕಡಿ ಅನುಮತಿಯ ಕಡೆಗೇ ವಾಲುತ್ತದೆ. ಸಮಿತಿ ನಿರಾಕರಿಸಿದರೂ ಕಟ್ಟುವವರು ಮೇಲ್ಮನವಿ ಹೋಗಿ ಗೆಲ್ಲಬಹುದು. ನಿರಾಕರಣೆಗೆ ಸರಿಯಾದ ಆಧಾರವಿಲ್ಲದಿದ್ದರೆ ಅವರ ಖರ್ಚೂ ಕೌನ್ಸಿಲ್ಲಿನ ತಲೆಗೆ. ಇದನ್ನು ಮುನ್ನೂರು ಜನರ ಸಿಟ್ಟಿನೆದುರು ವಿವರಿಸುವುದಿದೆಯಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ. ಹಾಗೆ ವಿವರಿಸುವ ಬದಲು “ಕೊನೆಯ ತನಕ ಹೋರಾಡುತ್ತೇನೆ” ಎಂದುಬಿಟ್ಟರೆ ಆ ಸಂಜೆ ಚಪ್ಪಾಳೆ ಗ್ಯಾರಂಟಿ.

ತೆರಿಗೆಯ ಕಾಲದಲ್ಲಿ ಕೆಲಸ ಬೇರೆ. ಪ್ರತಿ ವಸಂತದಲ್ಲಿ ಮನೆಗೆ ಬರುವ ಕೌನ್ಸಿಲ್ ತೆರಿಗೆ ಬಿಲ್ಲಿನ ನೆತ್ತಿಯ ಮೇಲೆ ಡಿಸ್ಟ್ರಿಕ್ಟಿನ ಹೆಸರಿರುತ್ತದೆ, ಬೈಗುಳವೂ ಅದಕ್ಕೇ. ವಸೂಲಿ ಮಾಡುವುದು ಡಿಸ್ಟ್ರಿಕ್ಟ್, ಉಳಿಸಿಕೊಳ್ಳುವುದು ಸುಮಾರು ಹತ್ತರಲ್ಲೊಂದು ಪಾಲು. ಸಿಂಹಪಾಲು ಕೌಂಟಿಗೆ, ಉಳಿದದ್ದು ಪೊಲೀಸು ಮುಂತಾದವರಿಗೆ. ಅದೂ 1991ರ ಮನೆಬೆಲೆಯ ಲೆಕ್ಕದಲ್ಲಿ ಹಾಕಿದ ಎಂಟು ದರ್ಜೆಗಳ ಮೇಲೆ. ಒಳ್ಳೆಯ ವರದಿ ಶೇಕಡಾವಾರಿನ ಗೊಡವೆಗೆ ಹೋಗದೆ, ನಡುವಿನ ‘ಡಿ’ ದರ್ಜೆಯ ಮನೆಯೊಂದು ಕೊಡುವ ಹಣದಲ್ಲಿ ಯಾರಿಗೆ ಎಷ್ಟು ಪೌಂಡ್ ಎಂದು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುತ್ತದೆ.

ಕಸದ ವಿಷಯವಂತೂ ವರ್ಷವಿಡೀ ಇದ್ದದ್ದೇ. ಅಡುಗೆಮನೆಯ ಹಸಿಕಸವನ್ನು ವಾರಕ್ಕೊಮ್ಮೆ ಬೇರೆಯಾಗಿ ಎತ್ತಬೇಕೆಂದು ಇಂಗ್ಲೆಂಡಿನ ಬಹುಪಾಲು ಕೌನ್ಸಿಲ್‌ಗಳಿಗೆ 2026ರ ಮಾರ್ಚ್ 31ರ ಗಡುವು ಹಾಕಲಾಯಿತು. ಚಿಕ್ಕ ಬುಟ್ಟಿ ಎಲ್ಲಿಡುವುದು, ನಾತ ಬಂದರೇನು, ನರಿ ಬಂದು ಕೆಡವಿದರೇನು ಎಂಬ ಪ್ರಶ್ನೆಗಳನ್ನು ಓದುವಾಗ, ಹಸಿಕಸ ಒಣಕಸದ ಪಾಠವನ್ನು ವರ್ಷಗಳ ಹಿಂದೆಯೇ ಗೊಣಗುತ್ತ ಕಲಿತ ಬೆಂಗಳೂರಿನವರಿಗೆ ಸಣ್ಣ ನಗು ಬಂದರೆ ತಪ್ಪಿಲ್ಲ.

ಬರವಣಿಗೆಯ ಮಟ್ಟಿಗೂ ಕೆಲವು ಗುಟ್ಟುಗಳಿವೆ. ವರದಿಯನ್ನು ಸಭೆಗೆ ಮೊದಲೇ ಒಂದು ಪುಟದಲ್ಲಿ ಬರೆದು ಕ್ಲರ್ಕ್‌ಗೆ ಕಳಿಸುವುದು ಒಳ್ಳೆಯ ರೂಢಿ. ಸಭೆಯ ಹತ್ತು ನಿಮಿಷ ಆಗ ಓದಿಗಲ್ಲ, ಪ್ರಶ್ನೆಗೆ ಸಿಗುತ್ತದೆ. ಅದೇ ಪುಟ ಊರಿನ ಮಾಸಪತ್ರಿಕೆಗೂ ಹೋಗುತ್ತದೆ. ಚರ್ಚಿನವರೋ ಊರ ಉತ್ಸಾಹಿಗಳೋ ನಡೆಸುವ, ಸ್ವಯಂಸೇವಕರು ಮನೆಮನೆಗೆ ಹಾಕುವ ತೆಳುವಾದ ಪತ್ರಿಕೆ ಅದು. ಬರೆದದ್ದು ಓದುಗನ ಕೈ ಸೇರುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಹಾಗಾಗಿ ಬಲ್ಲವರು ‘ಮುಂದಿನ ಮಂಗಳವಾರ’ ಎಂದು ಬರೆಯುವುದಿಲ್ಲ, ತಾರೀಖನ್ನೇ ಬರೆಯುತ್ತಾರೆ. ಸಮಿತಿಯ ಇನ್ನೂರು ಪುಟದ ಕಡತ ಕಡೆದು ಈ ಊರಿಗೆ ತಾಗುವ ಮೂರು ಸಾಲಿನ ಬೆಣ್ಣೆ ತೆಗೆಯಬೇಕು. ಹೆಚ್ಚು ಶ್ರಮದ ಕೆಲಸ ಅದೇ, ಹೊರಗೆ ಕಾಣದ್ದೂ ಅದೇ.

ಪಕ್ಷದ ಬಣ್ಣವನ್ನು ಬಾಗಿಲಾಚೆ ಬಿಟ್ಟು ಬರುವುದೂ ಈ ಕಸುಬಿನ ಶಿಸ್ತು. ಪಕ್ಷದ ಕರಪತ್ರಕ್ಕೆ ಬೇರೆಯೇ ಜಾಗವಿದೆ. ಲಿವರ್‌ಪೂಲಿನಲ್ಲಿ ಟ್ರೆವರ್ ಜೋನ್ಸ್ ಮತ್ತು ಅವರ ಲಿಬರಲ್ ಸಂಗಾತಿಗಳು ‘ಫೋಕಸ್’ ಎಂಬ ಹಾಳೆಯನ್ನು ಬೀದಿಬೀದಿಗೆ ಹಂಚಿ, ಒಡೆದ ಕಾಲುದಾರಿಯ ಸುದ್ದಿಯಿಂದಲೂ ಚುನಾವಣೆ ಗೆಲ್ಲಬಹುದೆಂದು 1970ರ ದಶಕದ ಹೊತ್ತಿಗೆ ತೋರಿಸಿಕೊಟ್ಟರು. ಆಮೇಲೆ ಉಳಿದ ಪಕ್ಷಗಳೂ ಅದನ್ನು ಕಲಿತವು. ಆದರೆ ಕೌನ್ಸಿಲ್ಲಿನ ಹಣದಲ್ಲಿ ಪಕ್ಷದ ಪ್ರಚಾರ ನಡೆಯಬಾರದೆಂದು 1986ರ ಕಾಯ್ದೆ ಹೇಳುತ್ತದೆ. ಮೇ ತಿಂಗಳ ಮೊದಲ ಗುರುವಾರದ ಚುನಾವಣೆಗೆ ಮುನ್ನ ಕೆಲವು ವಾರ ವರದಿಗಳು ಸಪ್ಪೆಯಾಗುತ್ತವೆ, ಹಲವೆಡೆ ನಿಂತೇ ಹೋಗುತ್ತವೆ.

ಸಭೆಯಲ್ಲಿ ಊರವರಿಗೆ ಕೂರಲು ಕುರ್ಚಿ ಸಿಕ್ಕಿದ್ದಕ್ಕೂ ಒಂದು ಚರಿತ್ರೆಯಿದೆ. ಮುದ್ರಣ ಕಾರ್ಮಿಕರ ಮುಷ್ಕರವೊಂದರ ಸಮಯದಲ್ಲಿ ಕೆಲವು ಕೌನ್ಸಿಲ್‌ಗಳು ಪತ್ರಕರ್ತರನ್ನು ಹೊರಗಿಟ್ಟಿದ್ದವು. ಆಗಷ್ಟೇ ಸಂಸತ್ತಿಗೆ ಬಂದಿದ್ದ ಮಾರ್ಗರೆಟ್ ಥ್ಯಾಚರ್ ತಮ್ಮ ಮೊದಲ ಭಾಷಣವನ್ನೇ ಇದಕ್ಕೆ ಮೀಸಲಿಟ್ಟು, ಖಾಸಗಿ ಸದಸ್ಯರ ಮಸೂದೆಯೊಂದನ್ನು ಮಂಡಿಸಿದರು. ಪತ್ರಕರ್ತರಿಗೂ ಜನರಿಗೂ ಬಾಗಿಲು ತೆರೆಯುವ ಕಾಯ್ದೆ 1960ರಲ್ಲಿ ಆಯಿತು. ಅವರ ಮುಂದಿನ ರಾಜಕೀಯದ ಬಗ್ಗೆ ಏನೇ ತಕರಾರಿದ್ದರೂ ಇದನ್ನು ಅವರ ಖಾತೆಗೆ ಜಮಾ ಮಾಡಬೇಕು. ಈಗ ಬಾಗಿಲು ತೆರೆದೇ ಇದೆ, ಸ್ಥಳೀಯ ಪತ್ರಿಕೆಗಳೇ ಸೊರಗಿವೆ. ಕೌನ್ಸಿಲ್ ಸುದ್ದಿ ಬರೆಯಲೆಂದೇ ನೂರೈವತ್ತಕ್ಕೂ ಹೆಚ್ಚು ವರದಿಗಾರರಿಗೆ ಬಿಬಿಸಿ ಹಣ ಕೊಡುತ್ತಿದೆ, ಆದರೆ ಅವರಿಗೆ ಪ್ರತಿ ಹಳ್ಳಿಯ ಸಭೆ ಎಟುಕುವುದಿಲ್ಲ.

ನಮ್ಮಲ್ಲಿ ಇದರ ಹತ್ತಿರದ ನಂಟು ಗ್ರಾಮಸಭೆ, ವಾರ್ಡ್ ಸಭೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕರ್ನಾಟಕದ ಕಾನೂನೇ ಹೇಳುತ್ತದೆ. ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1987ರಲ್ಲಿ, ಜಿಲ್ಲಾ ಪರಿಷತ್ತುಗಳನ್ನು ಚುನಾಯಿಸಿ ದೇಶಕ್ಕೇ ದಾರಿ ತೋರಿದ ರಾಜ್ಯ ನಮ್ಮದು. ಆದರೆ 2016ರಲ್ಲಿ ಗೆದ್ದ ಜಿಲ್ಲಾ, ತಾಲ್ಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ಜಿಲ್ಲೆಯ ಲೆಕ್ಕವನ್ನು ಊರಿಗೆ ಬಂದು ಒಪ್ಪಿಸಬೇಕಾದ ಮನುಷ್ಯನೇ ಇಲ್ಲದಿದ್ದರೆ ವರದಿ ಚೆನ್ನಾಗಿತ್ತೋ ಇಲ್ಲವೋ ಎಂಬ ಮಾತೇ ಬರುವುದಿಲ್ಲ.

ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಕೌನ್ಸಿಲರುಗಳಿಗೂ ಈಗ ಗಂಡಾಂತರ. ಕೌಂಟಿ, ಡಿಸ್ಟ್ರಿಕ್ಟ್ ಎರಡನ್ನೂ ಕರಗಿಸಿ ಒಂದೇ ಅಂತಸ್ತಿನ ಕೌನ್ಸಿಲ್‌ಗಳನ್ನು ಎಲ್ಲೆಡೆ ಮಾಡುವುದಾಗಿ ಸರ್ಕಾರ 2024ರ ಡಿಸೆಂಬರಿನ ಶ್ವೇತಪತ್ರದಲ್ಲಿ ಹೇಳಿತು. ಕೆಲವು ಕಡೆ ಆಗಲೇ ಆಗಿದೆ: 2023ರ ಏಪ್ರಿಲ್‌ನಲ್ಲಿ ಸಾಮರ್‌ಸೆಟ್‌ನ ನಾಲ್ಕು ಡಿಸ್ಟ್ರಿಕ್ಟ್‌ಗಳು, ನಾರ್ತ್ ಯಾರ್ಕ್‌ಷೈರಿನ ಏಳು ಡಿಸ್ಟ್ರಿಕ್ಟ್‌ಗಳು ಇಲ್ಲವಾದವು. ಗುಂಡಿ, ಕಸ, ಪರವಾನಗಿ ಎಲ್ಲಕ್ಕೂ ಅಲ್ಲಿ ಒಂದೇ ಬಾಗಿಲು. ಅಷ್ಟರ ಮಟ್ಟಿಗೆ ಊರವರಿಗೆ ಅನುಕೂಲವೇ. ಉಳಿದ ಕಡೆಯ ಕೌನ್ಸಿಲರುಗಳು ತಮ್ಮ ಹುದ್ದೆಯೇ ರದ್ದಾಗುವ ಸುದ್ದಿಯನ್ನೂ, ಅದರ ಬಗ್ಗೆ ಅಭಿಪ್ರಾಯ ಕಳಿಸಲು ಕೊನೆಯ ದಿನಾಂಕವನ್ನೂ ಎಂದಿನ ಒಂದು ಪುಟದಲ್ಲೇ, ಗೋಳಾಡದೆ ಬರೆಯಬೇಕಾಗಿದೆ. ಒಂದೇ ಅಂತಸ್ತಾದ ಕಡೆ ತೊಡಕು ಬೇರೆ: ಇಡೀ ಸಾಮರ್‌ಸೆಟ್‌ಗೆ ಈಗ 110 ಸದಸ್ಯರು. ಹಳ್ಳಿಗಾಡಿನ ಒಂದೊಂದು ವಾರ್ಡಿನಲ್ಲಿ ಹತ್ತಾರು ಪ್ಯಾರಿಷ್‌ಗಳು. ಒಂದೇ ಸಂಜೆ ಎರಡು ಊರುಗಳಲ್ಲಿ ಸಭೆ ಬಿದ್ದರೆ ಒಂದು ಊರಿಗೆ ಮನುಷ್ಯ ಹೋಗುತ್ತಾನೆ, ಇನ್ನೊಂದಕ್ಕೆ ಕಾಗದ ಹೋಗುತ್ತದೆ. ಆ ಕಾಗದವನ್ನು ಕ್ಲರ್ಕ್ ಓದಿ ಮುಗಿಸಿದ ಮೇಲೆ, ಪ್ರಶ್ನೆ ಇದ್ದವರು ಮುಂದಿನ ತಿಂಗಳವರೆಗೆ ಕಾಯಬೇಕು.