ಮಂಡಿಯ ಕಿಂಡಿ

ಟಿನ್ ಫ್ಯಾಕ್ಟರಿಯ ನಿಲ್ದಾಣದಲ್ಲಿ ಕಾಯುವವನಿಗೆ ಮಂಡಿಯ ಬೆಲೆ ಗೊತ್ತು. ಹಳೆಯ ಮದರಾಸು ರಸ್ತೆಯ ಆ ನೂಕುನುಗ್ಗಲಿನಲ್ಲಿ ಬಸ್ಸಿನ ಮೊದಲ ಮೆಟ್ಟಿಲೇ ಕೆಲವರಿಗೆ ಬೆಟ್ಟ. ಅಂಥವರಿಗೆ ಯಾರಾದರೊಬ್ಬರು "ಎರಡು ತೂತು ಕೊರೆದರೆ ಮುಗಿಯಿತು" ಎಂದು ಹೇಳಿಯೇ ಇರುತ್ತಾರೆ.

ತೂತಿನ ಕಥೆ ಹಳೆಯದು. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿಯವರು ಮೂತ್ರಕೋಶವನ್ನು ನೋಡುವ ನಳಿಕೆಯನ್ನು ಶವದ ಮಂಡಿಯೊಳಗಿಟ್ಟು ನೋಡಿದರು. ಅವರ ಶಿಷ್ಯ ಮಸಾಕಿ ವಟನಾಬೆಯವರು 1962ರಲ್ಲಿ ಹರಿದ ಮೃದ್ವಸ್ಥಿಯ ಚೂರನ್ನು ಅದೇ ಮಾರ್ಗವಾಗಿ ತೆಗೆದರು. ಈಗ ಬೆರಳಗಲಕ್ಕೂ ಕಿರಿದಾದ ಗಾಯದ ಮೂಲಕ ಉಪ್ಪುನೀರು ತುಂಬಿ, ಕೀಲನ್ನು ಹಿಗ್ಗಿಸಿ, ಅದರ ಒಳಮನೆಯನ್ನು ಪರದೆಯ ಮೇಲೆ ಕಾಣುತ್ತಾರೆ.

ಗಾಯ ಕಿರಿದೆಂದು ನಿರ್ಧಾರವೂ ಕಿರಿದೆ? 2002ರಲ್ಲಿ ಪ್ರಕಟವಾದ ಹ್ಯೂಸ್ಟನ್ನಿನ ಪ್ರಯೋಗವೊಂದರಲ್ಲಿ, ಮಂಡಿ ಸವೆದ 180 ಮಂದಿಯ ಪೈಕಿ ಕೆಲವರಿಗೆ, ಅವರ ಒಪ್ಪಿಗೆ ಪಡೆದೇ, ಚರ್ಮವನ್ನಷ್ಟೆ ಕೊಯ್ದು ಬಿಟ್ಟರು. ಎರಡು ವರ್ಷಗಳ ಬಳಿಕವೂ ಇವರಿಗಿಂತ ಉಳಿದವರ ನೋವು ಕಡಮೆಯಾಗಿರಲಿಲ್ಲ! ಇದು ಸವಕಲಿನ ಮಾತು. ಹರಿದ ಚೂರು ಸಿಕ್ಕಿಕೊಂಡು ಕಾಲು ನೀಡಲಾಗದಿದ್ದರೆ ಸಂಗತಿ ಬೇರೆ.

ಒಪ್ಪಿದ ಮೇಲೆ ತೊಡೆಯ ಸ್ನಾಯುವನ್ನು ವ್ಯಾಯಾಮದಿಂದ ಮೊದಲೇ ಪಳಗಿಸಬೇಕು. ರಕ್ತವನ್ನು ತೆಳುವಾಗಿಸುವ ಗುಳಿಗೆ, ಸಕ್ಕರೆಯ ಕಾಯಿಲೆ, ಯಾವುದನ್ನೂ ವೈದ್ಯರಿಂದ ಮುಚ್ಚಿಡಲಾಗದು. ಹೇಳಿದ ಹೊತ್ತಿನಿಂದ ಉಪವಾಸ. ಕಾಫಿಯ ವಿಷಯವನ್ನೂ ಕೇಳಿಯೇ ತಿಳಿಯಬೇಕು. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಕರೆದೊಯ್ಯಲು ಜೊತೆಗೊಬ್ಬರಿರಲಿ; ಅಂದು ಮಾತ್ರ ಟಿನ್ ಫ್ಯಾಕ್ಟರಿಯ ಬಸ್ಸು ಬೇಡ.