ಮೊದಲ ಹೆಜ್ಜೆ, ಮೊದಲ ಮಾತು: ಎರಡನೆಯ ವರ್ಷದ ಮಗುವಿನ ಬೆಳವಣಿಗೆ

ಮಗು ಬೋರಲು ಬಿದ್ದ ದಿನ, ಅಂಬೆಗಾಲಿಕ್ಕಿ ಹೊಸ್ತಿಲು ದಾಟಿದ ದಿನ, ಮೊದಲ ಹೆಜ್ಜೆಯಿಟ್ಟ ದಿನ ಮನೆಯಲ್ಲಿ ಸಿಹಿ ಮಾಡಿ ನೆರೆಹೊರೆಗೆ ಹಂಚುವ ರೂಢಿ ನಮ್ಮ ನಾಡಿನ ಅನೇಕ ಮನೆತನಗಳಲ್ಲಿದೆ. ಹಿರಿಯರು ಮಗುವಿನ ಬೆಳವಣಿಗೆಯನ್ನು ಗುರುತಿಟ್ಟುಕೊಳ್ಳುತ್ತಿದ್ದ ಬಗೆಯೇ ಅದು. ಇಂದು ವೈದ್ಯರು ಬೆಳವಣಿಗೆಯ ಮೈಲಿಗಲ್ಲುಗಳೆಂದು ಕರೆಯುವುದೂ ಇವನ್ನೇ. ಆದರೆ ಈ ಆಚರಣೆಗಳು ಹೆಚ್ಚಾಗಿ ಕೈಕಾಲುಗಳ ಚಲನೆಗೆ ಸಂಬಂಧಿಸಿದವು. ಮಗು ಮೊದಲ ಬಾರಿಗೆ ಬೆರಳು ಚಾಚಿ ಚಂದ್ರನನ್ನು ತೋರಿಸಿದ ದಿನ ಯಾರೂ ಪಾಯಸ ಮಾಡುವುದಿಲ್ಲ. ಎರಡನೆಯ ವರ್ಷದಲ್ಲಿ ಆ ಬೆರಳಿಗೆ ಹೆಜ್ಜೆಯಷ್ಟೇ ಬೆಲೆಯಿದೆ.

ಮೊದಲು ನಡಿಗೆಯ ವಿಚಾರ. ಪಕ್ಕದ ಮನೆಯ ಮಗು ಹತ್ತನೆಯ ತಿಂಗಳಿಗೇ ನಡೆಯಿತು, ನಮ್ಮದು ವರ್ಷ ತುಂಬಿದರೂ ಗೋಡೆ ಹಿಡಿದೇ ಸಾಗುತ್ತಿದೆ ಎಂದು ಕಳವಳಪಡುವ ತಾಯಂದಿರು ಅನೇಕರು. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಅಭ್ಯಸಿಸಿ 2006ರಲ್ಲಿ ಪ್ರಕಟಿಸಿದ ವರದಿಯು ಇವರಿಗೆ ಸಮಾಧಾನ ನೀಡೀತು. ಆಸರೆಯಿಲ್ಲದೆ ನಡೆಯುವುದು 8.2 ತಿಂಗಳಿನಿಂದ 17.6 ತಿಂಗಳವರೆಗೆ ಯಾವಾಗ ಬಂದರೂ ಸಹಜವೆಂದು ಅದು ಹೇಳುತ್ತದೆ. ನೂರಕ್ಕೆ ನಾಲ್ಕು ಮಕ್ಕಳಷ್ಟು ಅಂಬೆಗಾಲಿಡದೆಯೇ ನೇರವಾಗಿ ನಡೆಯಲು ಕಲಿತದ್ದೂ ಅದರಲ್ಲಿ ಕಂಡುಬಂದಿತು. ಹೀಗಿರುವಾಗ ನೆರೆಮನೆಯ ಮಗುವಿನೊಡನೆ ಹೋಲಿಕೆಯೇಕೆ? ಹದಿನೆಂಟು ತಿಂಗಳು ತುಂಬಿದರೂ ಮಗು ಸ್ವತಂತ್ರವಾಗಿ ನಡೆಯದಿದ್ದರೆ ಮಾತ್ರ ತಡಮಾಡದೆ ಮಕ್ಕಳ ವೈದ್ಯರಲ್ಲಿ ತೋರಿಸಬೇಕು.

ಬೇಗ ನಡೆಯಲೆಂದು ಮಗುವನ್ನು ಗುಂಡಗಿನ ಚಕ್ರದ ವಾಕರಿನಲ್ಲಿ ಕೂರಿಸುವವರಿದ್ದಾರೆ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿನಿಂದ ಉರುಳುವ, ಒಲೆಯ ಬಳಿಗೆ ನುಗ್ಗುವ ಅಪಾಯವಂತೂ ಇದ್ದೇ ಇದೆ. ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮಗು ತಾನೇ ನಿಂತು ತಳ್ಳಿಕೊಂಡು ಹೋಗುವ ಮರದ ನಡೆಗಾಡಿಯ ಮಾತು ಬೇರೆ. ಅಲ್ಲಿ ಮೈಭಾರವೆಲ್ಲ ಮಗುವಿನ ಕಾಲಿನ ಮೇಲೆಯೇ ಇರುತ್ತದೆ. ದೊಡ್ಡವರೊಬ್ಬರು ಪಕ್ಕದಲ್ಲಿದ್ದರೆ ಅದು ಒಳ್ಳೆಯ ಆಟಿಕೆ.

ನಡಿಗೆ ತಡವಾಗಲು ಪೋಷಣೆಯ ಕೊರತೆಯೂ ಕಾರಣವಾಗಬಹುದು. ಜ್ಞಾನಭಾರತಿ, ನಾಗರಭಾವಿ, ಕೆಂಗೇರಿ ಕಡೆಯ ವಸತಿ ಸಮುಚ್ಚಯಗಳಲ್ಲಿ ಬೆಳೆಯುವ ಎಷ್ಟೋ ಮಕ್ಕಳ ಮೈಗೆ ಬಿಸಿಲು ತಾಗುವುದೇ ಅಪರೂಪ. ಡಿ ಜೀವಸತ್ವದ ಕೊರತೆಯಿಂದ ಮೂಳೆ ಮೃದುವಾಗಿ, ಕಾಲು ಬಾಗಿ, ನಡಿಗೆ ಹಿಂದೆ ಬೀಳುತ್ತದೆ. ರಕ್ತಹೀನತೆಯಂತೂ ವ್ಯಾಪಕ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಕೊರತೆ ಮಗುವಿನ ಚಟುವಟಿಕೆಯನ್ನೂ ಕಲಿಕೆಯನ್ನೂ ಕುಗ್ಗಿಸುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಸರಿಹಿಟ್ಟಿನಲ್ಲಿ ಅಜ್ಜಿಯಂದಿರ ವಿವೇಕವಿದೆ: ಮೊಳಕೆ ಬಂದಾಗ ಕಬ್ಬಿಣಾಂಶ ಮೈಗೂಡಲು ಅಡ್ಡಿಯಾಗುವ ಅಂಶಗಳು ಕಡಿಮೆಯಾಗುತ್ತವೆ. ಜೊತೆಗೆ ಬೇಳೆ, ಸೊಪ್ಪು, ನಿಂಬೆಯ ರಸವಿರಲಿ. ಹಸಿವನ್ನೆಲ್ಲ ಹಾಲಿನಿಂದಲೇ ತುಂಬಿಸುವುದು ಸಲ್ಲದು. ಅಂಗನವಾಡಿಯಲ್ಲೂ ಆರೋಗ್ಯ ಕೇಂದ್ರದಲ್ಲೂ ದೊರೆಯುವ ಕಬ್ಬಿಣಾಂಶದ ಸಿರಪ್ಪನ್ನು ಅವರು ಹೇಳಿದ ಕ್ರಮದಲ್ಲಿ ಕೊಡಬೇಕು.

ಇನ್ನು ಮಾತು. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಾಲಹರಣವಾಗುವುದು ಇಲ್ಲಿಯೇ. "ಅವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು, ಗಂಡುಮಕ್ಕಳಿಗೆ ಮಾತು ತಡ" ಎಂದು ಹಿರಿಯರು ಧೈರ್ಯ ಹೇಳುತ್ತಾರೆ. ಪ್ರೀತಿಯ ಮಾತೇ ಅದು. ಆದರೆ ಆ ಧೈರ್ಯದಲ್ಲಿ ಕಳೆದುಹೋಗುವ ಒಂದೊಂದು ತಿಂಗಳೂ ಕಿವಿ ಕೇಳದ ಮಗುವಿನ ಪಾಲಿಗೆ ದೊಡ್ಡ ನಷ್ಟ. ಮಿದುಳು ಭಾಷೆಯನ್ನು ಸುಲಭವಾಗಿ ಹೀರಿಕೊಳ್ಳುವ ಕಾಲ ಮೊದಲ ಕೆಲವು ವರ್ಷಗಳೇ ಆಗಿವೆ. ಹಿಂದಿನಿಂದ ತಟ್ಟೆ ಬಡಿದಾಗ ಮಗು ತಿರುಗಿತು, ಆದ್ದರಿಂದ ಕಿವಿ ಚೆನ್ನಾಗಿದೆ ಎಂದು ತೀರ್ಮಾನಿಸಲಾಗದು. ಬಡಿತದ ಕಂಪನಕ್ಕೋ, ಗೋಡೆಯ ಮೇಲಿನ ನೆರಳಿಗೋ ಅದು ತಿರುಗಿರಬಹುದು. ದೊಡ್ಡ ಸದ್ದು ಕೇಳಿಸಿಯೂ ಸ, ಶ, ತ ಮುಂತಾದ ಸಣ್ಣ ಧ್ವನಿಗಳು ಕೇಳಿಸದಿರುವ ಮಕ್ಕಳಿದ್ದಾರೆ. ಮಾತು ತಡವಾದ ಪ್ರತಿ ಮಗುವಿಗೂ ಮೊದಲು ಯಂತ್ರದ ಮೂಲಕ ಶ್ರವಣ ಪರೀಕ್ಷೆಯಾಗಲೇಬೇಕು. ಎಳೆಯ ಮಗುವಿಗೂ ನಿದ್ರೆಯಲ್ಲಿರುವಾಗ ನೋವಿಲ್ಲದೆ ಇದನ್ನು ಮಾಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದಕ್ಕಾಗಿಯೇ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕೆಂಗೇರಿಯಲ್ಲಿ ರೈಲು ಹತ್ತಿದರೆ ಒಂದೇ ದಿನದಲ್ಲಿ ಹೋಗಿಬರಬಹುದು.

ಎಷ್ಟು ಮಾತು ಬಂದಿರಬೇಕು? ವರ್ಷದ ಹೊತ್ತಿಗೆ ಅಮ್ಮ, ಅಪ್ಪ ಎಂಬುದನ್ನು ಅವರನ್ನೇ ಉದ್ದೇಶಿಸಿ ಕರೆಯುವುದು. ಒಂದೂವರೆ ವರ್ಷಕ್ಕೆ ಅದಲ್ಲದೆ ಮೂರ್ನಾಲ್ಕಾದರೂ ಪದ. ಎರಡು ವರ್ಷಕ್ಕೆ "ಹಾಲು ಬೇಕು", "ತಾತ ಬಾ" ಎಂದು ಎರಡು ಪದ ಕೂಡಿಸುವುದು. ಉಚ್ಚಾರ ಸ್ಪಷ್ಟವಿರಬೇಕೆಂದಿಲ್ಲ. ಮನೆಯಲ್ಲಿ ಕನ್ನಡ, ನೋಡಿಕೊಳ್ಳುವಾಕೆಯದು ತೆಲುಗು, ತಂದೆತಾಯಿಗಳ ಬಾಯಲ್ಲಿ ಇಂಗ್ಲಿಷ್ ಎಂಬುದರಿಂದ ಮಾತು ನಿಲ್ಲುವುದಿಲ್ಲ. ಎಲ್ಲ ಭಾಷೆಗಳ ಪದಗಳನ್ನೂ ಸೇರಿಸಿಯೇ ಎಣಿಸಬೇಕು. ಮಾತಿಗೆ ಅಡ್ಡಿಯಾಗುವುದು ಊಟದ ಹೊತ್ತಿನಲ್ಲಿ ಕೈಗಿಡುವ ಮೊಬೈಲು. ಪರದೆ ಮಾತಾಡುತ್ತದೆ, ಆದರೆ ಮಗುವಿನ ತೊದಲಿಗೆ ಮರುನುಡಿಯುವುದಿಲ್ಲ. ಎರಡು ವರ್ಷ ತುಂಬುವವರೆಗೆ ಪರದೆ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳಿದೆ.

ಬೆರಳಿನ ವಿಷಯಕ್ಕೆ ಬರೋಣ. ಬಿಸ್ಕತ್ತು ಬೇಕೆಂದು ಡಬ್ಬಿಯತ್ತ ಬೆರಳು ತೋರುವುದು ಒಂದು ಬಗೆ. ಏನೂ ಬೇಡದೆ, "ನೋಡು, ಅಲ್ಲಿ ನಾಯಿ" ಎಂಬಂತೆ ತೋರಿಸಿ, ತಾಯಿ ನೋಡಿದಳೇ ಎಂದು ಆಕೆಯ ಮುಖ ನೋಡುವುದು ಇನ್ನೊಂದು ಬಗೆ. ತನ್ನ ಸಂತೋಷವನ್ನು ಮತ್ತೊಬ್ಬರೊಡನೆ ಹಂಚಿಕೊಳ್ಳುವ ಮನಸ್ಸು ಈ ಎರಡನೆಯದರಲ್ಲಿದೆ. ಹದಿನೆಂಟು ತಿಂಗಳಾದರೂ ಇದು ಕಾಣದಿದ್ದರೆ, ಹೆಸರು ಕರೆದಾಗ ತಿರುಗದಿದ್ದರೆ, ಹಿರಿಯರನ್ನು ನೋಡಿ "ಶರಣು" ಎಂದು ಕೈಮುಗಿಯುವಂತಹ ಅನುಕರಣೆಗಳು ಬಾರದಿದ್ದರೆ ಆಟಿಸಂ ಬಗ್ಗೆ ತಪಾಸಣೆ ಅಗತ್ಯ. ಬಂದಿದ್ದ ಪದಗಳು, ನಗು, ಸನ್ನೆಗಳು ಮರೆಯಾದರೆ ಯಾವ ವಯಸ್ಸಿನಲ್ಲಿಯೂ ಕಾಯಬಾರದು. ನಿಮ್ಹಾನ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ನಮ್ಮ ನಗರದಲ್ಲಿಯೇ ಇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗಳಿಗೆ ಬರುವ ವೈದ್ಯ ತಂಡವೂ ಬೆಳವಣಿಗೆಯ ವಿಳಂಬವನ್ನು ಪರೀಕ್ಷಿಸುತ್ತದೆ. ತಪಾಸಣೆಗೆ ಒಯ್ಯುವುದೆಂದರೆ ಮಗುವಿಗೆ ಹಣೆಪಟ್ಟಿ ಹಚ್ಚುವುದಲ್ಲ. ನೆಂಟರೇನೆಂದಾರು ಎಂಬ ಸಂಕೋಚದಿಂದ ಕೆಲವರು ಹಿಂಜರಿಯುವುದುಂಟು. ಬೇಗ ಆರಂಭವಾದ ತರಬೇತಿಯ ಲಾಭವನ್ನು ಆ ನೆಂಟರು ತಂದುಕೊಡಲಾರರು.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಲೆಕ್ಕ ಬೇರೆ. ಎಂಟು ವಾರ ಮೊದಲೇ ಜನಿಸಿದ ಮಗುವಿಗೆ ಹದಿನಾಲ್ಕು ತಿಂಗಳಾಗಿದ್ದರೆ ಅದನ್ನು ಹನ್ನೆರಡು ತಿಂಗಳ ಮಗುವಿನಂತೆಯೇ ಕಾಣಬೇಕು. ಎರಡು ವರ್ಷದವರೆಗೆ ಈ ತಿದ್ದುಪಡಿ ಸಲ್ಲುತ್ತದೆ.

ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸಿಗೆ ಹೇಗೂ ಹೋಗಬೇಕಲ್ಲವೆ? ಸಂದೇಹವನ್ನು ಅಂದೇ ಕೇಳಿ. ತಾಯಿ ಕಾರ್ಡನ್ನು ಮರೆಯದೆ ಒಯ್ಯಿರಿ. ಯಾವ ವಯಸ್ಸಿಗೆ ಏನು ಎಂಬುದು ಚಿತ್ರಗಳ ಸಹಿತ ಅದರಲ್ಲಿಯೇ ಇದೆ. ಆಸ್ಪತ್ರೆಯಲ್ಲಿ ಮಗು ಅಂಜಿ ಮಾತಾಡದಿರಬಹುದು. ಮನೆಯಲ್ಲಿ ಅದು ಆಡುವುದನ್ನು, ನಡೆಯುವುದನ್ನು, ಹೆಸರು ಕರೆದಾಗ ಏನು ಮಾಡುತ್ತದೆಂಬುದನ್ನು ಎರಡು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟುಕೊಂಡು ವೈದ್ಯರಿಗೆ ತೋರಿಸಿ.