ಒಪ್ಪದ ರೋಗಿಗೆ ಆಸ್ಪತ್ರೆಯ ಆಸರೆ

ಮನೆಯಲ್ಲಿ ಒಬ್ಬರಿಗೆ ಹೊಟ್ಟೆನೋವು ಬಂದರೆ ಕೂಡಲೆ ವೈದ್ಯರಲ್ಲಿಗೆ ಧಾವಿಸುತ್ತೇವೆ. ಮನಸ್ಸು ಕೆಟ್ಟರೆ ಮಾತ್ರ ನಾಲ್ಕು ಜನರಿಗೆ ತಿಳಿಯದಂತೆ ಮುಚ್ಚಿಡುತ್ತೇವೆ. ಮಗ ನಾಲ್ಕು ರಾತ್ರಿ ಕಣ್ಣು ಮುಚ್ಚಿಲ್ಲ. ತಾಯಿ ಬಡಿಸಿದ ಅನ್ನದಲ್ಲಿ ವಿಷವಿದೆಯೆಂದು ತಟ್ಟೆ ದೂಡುತ್ತಾನೆ. ಬಾವಿಯ ಕಡೆಗೆ ಓಡುತ್ತಾನೆ. ಆಸ್ಪತ್ರೆಯ ಹೆಸರೆತ್ತಿದರೆ ‘ನನಗೇನಾಗಿದೆ?’ ಎಂದು ಸಿಡಿದೇಳುತ್ತಾನೆ. ಇಂಥ ಹೊತ್ತಿನಲ್ಲಿ ಹೆತ್ತವರು ಮಾಡಬೇಕಾದುದೇನು?

ತನಗೆ ರೋಗವಿದೆಯೆಂಬ ಅರಿವನ್ನೇ ತೀವ್ರ ಮನೋರೋಗವು ಅನೇಕ ವೇಳೆ ಕಸಿದುಕೊಳ್ಳುತ್ತದೆ. ಆದುದರಿಂದ ಒಪ್ಪಿಗೆಗಾಗಿ ಕಾದು ಕುಳಿತರೆ ಅನಾಹುತವಾದೀತು. ಆಗ ಕೆಲವು ದಿನಗಳ ಆಸ್ಪತ್ರೆವಾಸವು ಜೀವವನ್ನು ಉಳಿಸಬಲ್ಲದು. ಅಲ್ಲಿ ಹಗಲಿರುಳು ನೋಡಿಕೊಳ್ಳುವವರಿರುತ್ತಾರೆ. ನಿದ್ರೆ, ಆಹಾರಗಳು ಕ್ರಮಕ್ಕೆ ಬರುತ್ತವೆ. ಔಷಧದ ಪ್ರಮಾಣವನ್ನು ಪರಿಣಾಮ ನೋಡಿ ಹೊಂದಿಸಬಹುದು. ಮಿದುಳಿನ ಸೋಂಕು, ಥೈರಾಯ್ಡ್ ದೋಷ, ಕುಡಿತ ನಿಲ್ಲಿಸಿದಾಗಿನ ಸನ್ನಿ ಇವು ಮನೋರೋಗದಂತೆ ತೋರುವುದುಂಟು. ಪರೀಕ್ಷೆಯಿಂದ ಅವನ್ನೂ ಗುರುತಿಸಬಹುದು.

ಹಾಗೆಂದು, ಬೇಡವಾದವರನ್ನು ಕೂಡಿಹಾಕುವ ಉಪಾಯ ಇದಲ್ಲ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೆಯ ಕಲಮು ಇದಕ್ಕೆ ಕಟ್ಟುನಿಟ್ಟಾದ ಮಿತಿ ಹಾಕಿದೆ. ರೋಗಿಯೇ ಹೆಸರಿಸಿದ ಪ್ರತಿನಿಧಿ, ಅಂಥವರಿಲ್ಲದಿದ್ದರೆ ಬಂಧುಗಳು ಅರ್ಜಿ ಸಲ್ಲಿಸಬೇಕು. ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ರೋಗಿಯಿಂದ ತನಗೋ ಪರರಿಗೋ ಅಪಾಯವಿದ್ದರೆ, ಇಲ್ಲವೆ ತನ್ನನ್ನು ತಾನು ನೋಡಿಕೊಳ್ಳಲಾರದೆ ಅಪಾಯಕ್ಕೊಳಗಾಗಿದ್ದರೆ ಮಾತ್ರ ದಾಖಲು. ಈ ಕಲಮಿನ ಅವಧಿ ಹೆಚ್ಚೆಂದರೆ 30 ದಿನ. ದಾಖಲಾದುದನ್ನು ಪುನರ್ವಿಮರ್ಶಾ ಮಂಡಳಿಗೆ 7 ದಿನಗಳೊಳಗೆ, ರೋಗಿ ಮಹಿಳೆ ಅಥವಾ ಅಪ್ರಾಪ್ತ ವಯಸ್ಸಿನವರಾದರೆ 3 ದಿನಗಳೊಳಗೆ ತಿಳಿಸಬೇಕು. ರೋಗಿಯೂ ಅಲ್ಲಿಗೆ ಮೊರೆಹೋಗಬಹುದು.

ಸರಪಳಿ ಬಿಗಿಯುವುದಂತೂ ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಬೆಂಕಿಗೆ ಆಹುತಿಯಾದುದನ್ನು ಮರೆಯಲಾದೀತೆ?

ಜಾತ್ರೆಗೆ ಹೋಗೋಣವೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ಯಬೇಡಿ. ಒಮ್ಮೆ ಮುರಿದ ನಂಬಿಕೆ ಬೇಗ ಕೂಡದು. ನಿಜವನ್ನೇ ಮೆಲುದನಿಯಲ್ಲಿ ಹೇಳಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಚಿಕಿತ್ಸೆಯುಂಟು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು.

ಮನೆಗೆ ಮರಳಿದ ಮೊದಲ ಕೆಲವು ವಾರಗಳು ಬಹು ನಾಜೂಕಾದವು. ಔಷಧ ತಪ್ಪದಂತೆ, ವೈದ್ಯರ ಭೇಟಿ ತಪ್ಪದಂತೆ ನೋಡಿಕೊಳ್ಳಿ. ಕೀಟನಾಶಕದ ಡಬ್ಬಿಯನ್ನು ಕೈಗೆಟುಕದಂತಿಡಿ. ‘ಹುಚ್ಚಾಸ್ಪತ್ರೆಗೆ ಹೋಗಿ ಬಂದವನು’ ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರದಿರಲಿ. ಅವನು ಮತ್ತೆ ತನ್ನ ಕಾಯಕಕ್ಕೆ ನಿಲ್ಲುವಂತೆ ಕೈಹಿಡಿಯುವುದು ಮನೆಯವರೆಲ್ಲರ ಕರ್ತವ್ಯ.